‘ಸ್ಪರ್ಶ’ ಯಾರ ಮನೆಯ ಮಾತು?

ಪುತ್ತೂರು, ಸುಳ್ಯ, ಕಡಬದ ಕಡೆ ಅಂಗನವಾಡಿ ಮಕ್ಕಳಿಗೆ ಸುರಕ್ಷತೆಯ ಮಾಹಿತಿ ಕೊಡುವ ಕಾರ್ಯಕ್ರಮಗಳಿಗೆ ಒಳ್ಳೆಯ ಹೆಸರಿದೆ. ಅವನ್ನು ಟೀಕಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ನನಗೂ ಬಹಳ ಕಾಲ ಬಂದಿರಲಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ, ವಯಸ್ಸಿಗೆ ತಕ್ಕ ಪಾಠ ಸಾಮಗ್ರಿ ಇರಬೇಕೆನ್ನುವ 2020ರ ನಿಯಮಗಳು, ಮಕ್ಕಳ 1098 ಸಹಾಯವಾಣಿ, ಇವನ್ನೆಲ್ಲ ಓದುಗರು ಬಲ್ಲರು. ನನ್ನ ತಕರಾರು ಆ ಪಾಠದ ತಲೆಬರಹದ ಬಗ್ಗೆ: ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’.

ನಾಲ್ಕು ಶಬ್ದಗಳು, ಅದರಲ್ಲೂ ಒಂದು ಎರಡು ಸಲ. ಮೊದಲು ಆ ಶಬ್ದವನ್ನೇ ನೋಡೋಣ. ನಾಲ್ಕು ವರ್ಷದ ಮಗುವಿನ ನಾಲಿಗೆಗೆ ‘ಸ್ಪರ್ಶ’ದ ಎರಡು ಒತ್ತಕ್ಷರಗಳು ಸುಲಭವಾಗಿ ದಕ್ಕುವುದಿಲ್ಲ. ನಾನು ಕುಳಿತು ನೋಡಿದ ಒಂದು ಅಂಗನವಾಡಿಯಲ್ಲಿ ಮಕ್ಕಳು ಅದನ್ನು ‘ಪರ್ಸ’ ಎಂದು ಒಕ್ಕೊರಲಿನಿಂದ ಕೂಗಿದರು. ಅರ್ಥ ಕೇಳಿದರೆ ಒಬ್ಬನೂ ಬಾಯಿ ಬಿಡಲಿಲ್ಲ. ಹೇಗೆ ಬಿಟ್ಟಾರು? ಈ ಸೀಮೆಯ ಯಾವ ಮನೆಯಲ್ಲಿ ಸ್ಪರ್ಶ ಎನ್ನುತ್ತಾರೆ? ತುಳು ಮನೆಯಲ್ಲಿ ಇಲ್ಲ, ಅರೆಭಾಷೆಯ ಗೌಡರ ಮನೆಯಲ್ಲಿ ಇಲ್ಲ, ಹವ್ಯಕರಲ್ಲಿ, ಬ್ಯಾರಿಗಳಲ್ಲಿ, ಕೊಂಕಣಿಯವರಲ್ಲಿ ಇಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರ ಲೈನ್ ಮನೆಗಳಲ್ಲೂ ಇಲ್ಲ. ಎಲ್ಲರೂ ಬಲ್ಲ ಮಾತು ‘ಮುಟ್ಟು’. ಕನ್ನಡದಲ್ಲೂ ಮುಟ್ಟು, ತುಳುವಿನಲ್ಲೂ ಮುಟ್ಟು. ‘ಮುಟ್ಟಡ’ ಎಂದರೆ ತುಳು ಮನೆಯ ಎರಡು ವರ್ಷದ ಮಗುವೂ ಕೈ ಹಿಂದೆಗೆಯುತ್ತದೆ. ಆದರೂ ಪಾಠ ಬರೆದವರು ಅದನ್ನು ಆರಿಸಲಿಲ್ಲ. ಮುಟ್ಟೆಂದರೆ ತಿಂಗಳ ಮುಟ್ಟೂ ಹೌದು, ಮಡಿ–ಮೈಲಿಗೆಯ ನೆನಪೂ ಹೌದು. ದೊಡ್ಡವರ ಸಂಕೋಚ ಸಂಸ್ಕೃತದ ಮರೆಗೆ ಸರಿದಿದೆ ಎಂದೇ ನಾನು ಓದುತ್ತೇನೆ. ಆ ಸಂಕೋಚದ ಬೆಲೆಯನ್ನು ತೆರುವುದು ಮಗು.

ಇನ್ನು ‘ಕೆಟ್ಟ’. ಈ ಕಲ್ಪನೆಯ ಮೂಲ 1970ರ ದಶಕದ ಅಮೆರಿಕದ ಮಿನಿಸೋಟದಲ್ಲಿ ಕಾರ್ಡೀಲಿಯಾ ಆಂಡರ್ಸನ್ ರೂಪಿಸಿದ ಪಾಠಕ್ರಮ. ಅದರಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಇನ್ನೊಂದು ಇತ್ತು: ಮಗುವಿಗೆ ಇದೇನೆಂದು ತಿಳಿಯದೆ ಗಲಿಬಿಲಿ ಹುಟ್ಟಿಸುವ ಮುಟ್ಟುವಿಕೆ. ನಮ್ಮ ಅಂಗನವಾಡಿ ಗೋಡೆಯ ಚಿತ್ರಪಟಕ್ಕೆ ಬರುವಷ್ಟರಲ್ಲಿ ಆ ನಡುವಿನದೇ ಕಳೆದುಹೋಗಿದೆ. ಉಳಿದದ್ದು ಹಸಿರು ಮತ್ತು ಕೆಂಪು. ಆರೋಗ್ಯ ಕೇಂದ್ರದ ಇಂಜೆಕ್ಷನ್ ನೋಯಿಸುತ್ತದೆ, ಮಗುವಿನ ಲೆಕ್ಕದಲ್ಲಿ ಅದು ಕೆಟ್ಟದ್ದು. ಮಿಠಾಯಿ ಕೊಟ್ಟು ಕಚಗುಳಿಯಿಡುವ ಮಾಮನದು ಒಳ್ಳೆಯದು. ಅನ್ಯಾಯ ಮಾಡುವವನು ಶುರು ಮಾಡುವುದು ಆ ಕಚಗುಳಿಯಿಂದಲೇ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ, 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನದಲ್ಲಿ, ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರೇ ಆಗಿದ್ದರು. ಅಷ್ಟೇ ಅಲ್ಲ, ನಮ್ಮ ಮಾತಿನಲ್ಲಿ ‘ಕೆಟ್ಟ’ ಎಂಬುದು ಮೊದಲು ಮಗುವಿಗೇ ಅಂಟುವ ವಿಶೇಷಣ. ಹಠ ಮಾಡಿದರೆ ಕೆಟ್ಟ ಹುಡುಗ, ಉಣ್ಣದಿದ್ದರೆ ಕೆಟ್ಟ ಹುಡುಗಿ. ಕೆಟ್ಟದ್ದು ತನಗೆ ನಡೆಯಿತು ಎಂದು ಹೇಳುವ ಮಗು, ತಾನೇ ಕೆಟ್ಟವಳಾದೆ ಎಂದು ಒಪ್ಪಿಕೊಂಡಂತೆ ಹೆದರುತ್ತದೆ.

ಪಾಠದ ಒಳಗೆ ಬರುವ ‘ಗುಪ್ತಾಂಗ’ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಗುಟ್ಟಿನ ಅಂಗ ಎಂದು ಹೆಸರಿಟ್ಟು, ಮರುಗಳಿಗೆಯಲ್ಲಿ ಗುಟ್ಟು ಮಾಡಬೇಡ ಎನ್ನುತ್ತೇವೆ. ಪ್ರತಿ ಮನೆಯಲ್ಲೂ ಆ ಅಂಗಕ್ಕೆ ಸ್ನಾನದ ಹೊತ್ತಿಗೆ ಹೇಳುವ ಒಂದು ಮುದ್ದಿನ ಹೆಸರಿರುತ್ತದೆ. ಆ ಹೆಸರನ್ನು ಅಂಗನವಾಡಿಯಲ್ಲಿ ಯಾರೂ ಕೇಳಿ ತಿಳಿದುಕೊಳ್ಳುವುದಿಲ್ಲ. ನಾಳೆ ಮಗು ಅದನ್ನೇ ಬಳಸಿ ಏನಾದರೂ ಹೇಳಿದರೆ ಎದುರಿನವರಿಗೆ ಅರ್ಥವಾಗುವುದಿಲ್ಲ. ಪೋಕ್ಸೊ ಕಾಯ್ದೆಗೆ ಈ ಎಚ್ಚರ ಇದೆ. ಹೇಳಿಕೆ ದಾಖಲಾಗುವ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕು ಎನ್ನುತ್ತದೆ ಅದರ 19ನೇ ಕಲಮು. ಅನ್ಯಾಯ ಆದ ಮೇಲೆ ಭಾಷಾಂತರ ಸಿಗುವ ಮಗುವಿಗೆ ಅದಕ್ಕೆ ಮುಂಚಿನ ಪಾಠದಲ್ಲಿ ಯಾಕೆ ಸಿಗಬಾರದು?

ಇಲ್ಲಿ ನನ್ನೊಡನೆ ಜಗಳಕ್ಕೆ ಬರುವವರಿದ್ದಾರೆ. ಇಷ್ಟು ಎಳೆಯರಿಗೆ ಇದೆಲ್ಲ ಬೇಡ ಎನ್ನುವವರಿಗೆ ಮೇಲಿನ ಅಂಕಿಯನ್ನೇ ಪೂರ್ತಿ ಉತ್ತರವಾಗಿ ಕೊಡಲಾರೆ. ಆ ಅಧ್ಯಯನ ಮಾತಾಡಿಸಿದ್ದು ಐದು ವರ್ಷ ದಾಟಿದವರನ್ನು. ಅಂಗನವಾಡಿಯ ವಯಸ್ಸಿನವರ ಮಾತು ಅಲ್ಲಿ ಸೇರಲೇ ಇಲ್ಲ. ಆದರೆ ಮಾತು ಸೇರಲಿಲ್ಲ ಎಂದರೆ ಅನ್ಯಾಯ ನಡೆದಿಲ್ಲ ಎಂದಲ್ಲ. ನನಗೆ ಹೆಚ್ಚು ಬೇಸರ ತರುವವರು ಶಿಕ್ಷಣದ ಬಗ್ಗೆ ಬರೆಯುವ ನಮ್ಮವರೇ. ಅಂಗನವಾಡಿಯಲ್ಲೂ ತುಳು, ಬ್ಯಾರಿ ಮಾತಾಡಿದರೆ ಒಂದನೇ ಕ್ಲಾಸಿಗೆ ಬರುವಾಗ ಕನ್ನಡ ಎಲ್ಲಿರುತ್ತದೆ ಎಂದು ಕೇಳುತ್ತಾರೆ, ಪಂಜೆ ಮಂಗೇಶರಾಯರನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತು ಕೊಂಕಣಿ, ಕನ್ನಡದ ಮಕ್ಕಳಿಗೆ ಅವರಷ್ಟು ಕೊಟ್ಟವರು ಕಡಿಮೆ, ನಿಜ. ಆದರೆ ಅದು ನನ್ನ ಪರವಾದ ಸಾಕ್ಷಿ. ಮನೆಯ ಕೊಂಕಣಿ ಅವರ ಕನ್ನಡಕ್ಕೆ ಅಡ್ಡ ಬರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಐದನೇ ತರಗತಿಯವರೆಗಾದರೂ ಮನೆಮಾತಿಗೆ ಆದ್ಯತೆ ಎನ್ನುತ್ತದೆ. ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಲು ಹೋರಾಡುವ ಗೆಳೆಯರ ಬಗ್ಗೆ ನನಗೆ ಗೌರವವಿದೆ. ಅವರ ವೇದಿಕೆಗಳಲ್ಲಿ ಅಂಗನವಾಡಿಯ ಮಾತು ಒಮ್ಮೆಯೂ ನನ್ನ ಕಿವಿಗೆ ಬೀಳದ್ದು ನೋವಿನ ಸಂಗತಿ.

ಚಿತ್ರಪಟದ ಕೊನೆಯ ಸಾಲು: ‘ಕೂಗು, ಓಡು, ಹೇಳು’. ಇಲ್ಲಿನ ಮನೆಗಳು ಅಡಿಕೆ ತೋಟದ ನಡುವೆ ಒಂಟಿಯಾಗಿ ನಿಂತವು. ಮಳೆಗಾಲದಲ್ಲಿ ಕೂಗಿದರೆ ಆಚೆ ಮನೆಗೆ ಕೇಳಿಸದು. ಓಡಿದರೆ ಗುಡ್ಡ ಹತ್ತಬೇಕು. ಉಳಿಯುವುದು ಹೇಳುವುದೊಂದೇ. ಯಾರು, ಎಲ್ಲಿ, ಮೊದಲು ಏನು, ಆಮೇಲೆ ಏನು ಎಂದು ನಡೆದದ್ದನ್ನು ಸಾಲಾಗಿ ಹೇಳುವುದು ನಾಲ್ಕರ ವಯಸ್ಸಿಗೆ ದೊಡ್ಡ ವಿದ್ಯೆ. ವರ್ಷಕ್ಕೊಂದು ಕಾರ್ಯಕ್ರಮದಿಂದ ಅದು ಬಾರದು. ದಿನವೂ ತನ್ನ ಮಾತಿನಲ್ಲಿ ಹೇಳಿ, ದಿನವೂ ಯಾರೋ ಕೇಳಿಸಿಕೊಂಡು, ಬರಬೇಕು. ಭಾಷೆಯ ಬೆಳವಣಿಗೆಗೆ ಒಂದು ಚಟುವಟಿಕೆ, ಸುರಕ್ಷತೆಗೆ ಇನ್ನೊಂದು ಎಂದು ಎರಡು ಕಡತ ಮಾಡಿರುವುದೇ ತಪ್ಪು ಎಂಬುದು ನನ್ನ ತೀರ್ಮಾನ.

ಈ ಕೆಲಸ ಚೆನ್ನಾಗಿ ನಡೆಯುವುದನ್ನೂ ನಾನು ಅದೇ ಅಂಗನವಾಡಿಯಲ್ಲಿ ಕಂಡೆ. ಟೀಚರ್ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿ ಮಕ್ಕಳ ತೂಕ ತುಂಬಿಸುತ್ತಿದ್ದರು. ಅದೇ ಊರಿನವರಾದ ಸಹಾಯಕಿ ಅನ್ನ ಬಡಿಸುತ್ತಿದ್ದರು. ಒಂದು ಹುಡುಗಿ ಬೆಳಿಗ್ಗೆ ಕರು ಹಗ್ಗ ಬಿಚ್ಚಿಕೊಂಡು ಹೋದದ್ದನ್ನು ತುಳುವಿನಲ್ಲಿ ಶುರು ಮಾಡಿ ನಡುವೆ ನಿಲ್ಲಿಸಿದಳು. ಸಹಾಯಕಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದರು: “ಬೊಕ್ಕ? ಬೊಕ್ಕ ದಾದ ಆಂಡ್?” ಆಮೇಲೇನಾಯಿತು ಎಂದು. ಹುಡುಗಿ ಒಂದು ಕ್ಷಣ ಯೋಚಿಸಿ ಮುಂದುವರಿಸಿದಳು.