ಹತ್ತನೆಯ ತರಗತಿಯ ಪಠ್ಯಕ್ರಮ: ಒಂದು ಪರಾಮರ್ಶೆ

ಪಠ್ಯಕ್ರಮವೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದರಲ್ಲಿ ಏನೇನು ಅಡಕವಾಗಿದೆಯೆಂಬುದನ್ನು ನೋಡಿದರಷ್ಟೇ ಸಾಲದು. ಅದನ್ನು ಪೂರೈಸಿ ಹೊರಬಂದ ವಿದ್ಯಾರ್ಥಿ ಮುಂದಿನ ಮೆಟ್ಟಿಲಿನ ಮೇಲೆ ಎಷ್ಟು ದೃಢವಾಗಿ ಕಾಲೂರಬಲ್ಲನೆಂಬುದನ್ನೂ ನೋಡತಕ್ಕದ್ದು. ಬೆಂಗಳೂರಿನ ಪಶ್ಚಿಮದಲ್ಲಿರುವ ಗೋವಿಂದರಾಜನಗರದಂತಹ ಪ್ರದೇಶಕ್ಕೆ ಈ ಎರಡನೆಯ ಒರೆಗಲ್ಲು ವಿಶೇಷವಾಗಿ ಸಲ್ಲುತ್ತದೆ. ಇಲ್ಲಿಯ ಸರ್ಕಾರಿ ಪ್ರೌಢಶಾಲೆಗಳಿಗೆ ಬರುವವರಲ್ಲಿ ಅನೇಕರು ಆಟೋ ಚಾಲಕರ, ಗಾರ್ಮೆಂಟ್ಸ್ ನೌಕರರ, ಲೇತ್ ಕೆಲಸಗಾರರ, ಮನೆಗೆಲಸದವರ ಮಕ್ಕಳು. ಕಾಲೇಜಿನ ದಾರಿಯನ್ನು ತಾವೇ ನಡೆದು ಕಂಡ ಹಿರಿಯರು ಮನೆಯಲ್ಲಿಲ್ಲದುದರಿಂದ, ಶಾಲೆಯು ಕೊಟ್ಟಷ್ಟೇ ಅವರ ಸಿದ್ಧತೆ, ಶಾಲೆಯು ಹೇಳದೆ ಬಿಟ್ಟದ್ದು ಅವರ ಪಾಲಿಗೆ ಇಲ್ಲದ್ದೇ ಸರಿ.

ಸಲ್ಲಬೇಕಾದ ಪ್ರಶಂಸೆಯನ್ನು ಮೊದಲು ಸಲ್ಲಿಸುವುದು ನ್ಯಾಯ. ರಾಜ್ಯದ ಎಸ್‌ಎಸ್‌ಎಲ್‌ಸಿ ಪಠ್ಯಕ್ರಮವು ಕಳಪೆಯೆಂಬ ಮಾತು ಮಧ್ಯಮವರ್ಗದ ಮನೆಗಳಲ್ಲಿ ಆಗಾಗ ಕೇಳಿಬರುವುದುಂಟು. ಅದು ನಿರಾಧಾರವಾದ ಮಾತು. ಆರು ವಿಷಯ, ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625 ಅಂಕಗಳ ಈ ವ್ಯವಸ್ಥೆಯಲ್ಲಿ ಗಣಿತ ಮತ್ತು ವಿಜ್ಞಾನಗಳ ಪುಸ್ತಕಗಳು ಎನ್‌ಸಿಇಆರ್‌ಟಿಯ ಪಠ್ಯಗಳನ್ನೇ ಆಧರಿಸಿವೆ. ಓಮನ ನಿಯಮ, ಬೆಳಕಿನ ವಕ್ರೀಭವನ, ತ್ರಿಕೋನಮಿತಿ, ವಿದ್ಯುದ್ವಿಭಜನೆಯಿಂದ ತಾಮ್ರದ ಶುದ್ಧೀಕರಣ ಇವೆಲ್ಲವನ್ನೂ ಸರ್ಕಾರಿ ಶಾಲೆಯ ಮಗು ಕೇಂದ್ರೀಯ ಶಾಲೆಯ ಮಗುವಿನಷ್ಟೇ ಓದುತ್ತದೆ. 2023–24ನೆಯ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಪದ್ಧತಿಯೂ ದಯಾಪರವಾದುದೇ. ಒಂದು ವಿಷಯದಲ್ಲಿ ಹಿಂದುಳಿದ ಮಾತ್ರಕ್ಕೆ ಇಡೀ ವರ್ಷವನ್ನು ಕಳೆದುಕೊಂಡು ಶಾಲೆಯನ್ನೇ ತೊರೆಯುವ ದುರ್ಗತಿಗೆ ಅದು ತಡೆಯಾಗಬಲ್ಲದು.

ದೋಷವಿರುವುದು ವಸ್ತುವಿನಲ್ಲಲ್ಲ, ವಿನಿಯೋಗದಲ್ಲಿ. ಹತ್ತನೆಯ ತರಗತಿಯ ವರ್ಷವೆಲ್ಲ ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ಅನುಸರಿಸಿ ಸಾಗುತ್ತದೆ: ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಕಲಿಕೆಯಲ್ಲಿ ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್. ಶಾಲೆಯ ಫಲಿತಾಂಶದ ಶೇಕಡಾವಾರು ಲೆಕ್ಕದಿಂದಲೇ ತನ್ನ ಶ್ರಮವನ್ನು ಅಳೆಯಲಾಗುವುದೆಂದು ಬಲ್ಲ ಉಪಾಧ್ಯಾಯನನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಆದರೆ ಇದರ ಪರಿಣಾಮವಾಗಿ, ಅರ್ಥವಾಗಬೇಕಾದ ಪಾಠವು ಉತ್ತರವಾಗಿ ಮಾತ್ರ ಉಳಿಯುತ್ತದೆ. ಗೋವಿಂದರಾಜನಗರಕ್ಕೆ ಹೊಂದಿಕೊಂಡ ಕಾಮಾಕ್ಷಿಪಾಳ್ಯದ ಲೇತ್ ಶಾಪುಗಳಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಸಣ್ಣದಾಗುವ ಉಕ್ಕಿನ ದಂಡವನ್ನು ತಿರುವಬೇಕಾದರೆ, ಎರಡು ತುದಿಗಳ ವ್ಯಾಸಗಳ ವ್ಯತ್ಯಾಸದ ಅರ್ಧವನ್ನು ಉದ್ದದಿಂದ ಭಾಗಿಸಿ, ಬಂದ ಭಾಗಲಬ್ಧವು ಯಾವ ಕೋನದ ಟ್ಯಾನ್ ಬೆಲೆಯೋ ಆ ಕೋನದಲ್ಲಿ ಟೂಲು ಓರೆಯಾಗಿ ಚಲಿಸುವಂತೆ ಮಾಡಬೇಕು. ತ್ರಿಕೋನಮಿತಿಯ ಅಧ್ಯಾಯವು ಅಲ್ಲಿ ದಿನವೂ ಕೆಲಸ ಮಾಡುತ್ತಿದೆ. ಗೋಪುರದ ಎತ್ತರವನ್ನು ಕಂಡುಹಿಡಿಯುವ ಲೆಕ್ಕವನ್ನು ಹತ್ತಾರು ಸಲ ಬಿಡಿಸಿದ ವಿದ್ಯಾರ್ಥಿಗೆ, ಅದೇ ಲೆಕ್ಕವು ತನ್ನ ತಂದೆಯ ಅಥವಾ ನೆರೆಯವರ ಕೈಯಲ್ಲಿ ಉಕ್ಕಿಗೆ ಆಕಾರ ಕೊಡುತ್ತಿದೆಯೆಂದು ತಿಳಿಸುವ ಸಾಲು ಪಠ್ಯದಲ್ಲಿಲ್ಲ.

ವೃತ್ತಿಶಿಕ್ಷಣಕ್ಕೆ ಎಡೆಯೇ ಇಲ್ಲವೆಂದಲ್ಲ. ಎನ್‌ಎಸ್‌ಕ್ಯೂಎಫ್ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅನ್ವಯ ಕೆಲವು ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ರೀಟೇಲ್, ಆರೋಗ್ಯ ಸೇವೆ ಮುಂತಾದ ವಿಷಯಗಳನ್ನು ಬೋಧಿಸಲಾಗುತ್ತಿದೆ. ಆದರೆ ಅವು ಬಂದದ್ದು ತೃತೀಯ ಭಾಷೆಯ ಬದಲಿಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾದ ವಿನಿಮಯವದು. ಕೆಲಸವನ್ನು ಕಲಿಕೆಯಿಂದ ಬೇರ್ಪಡಿಸಿ ಪಕ್ಕದಲ್ಲಿ ಕೂರಿಸುವ ಈ ಪರಿಪಾಠ ಹಳೆಯದು. 1937ರ ವಾರ್ಧಾ ಯೋಜನೆಯು ಕಸುಬನ್ನು ಕಲಿಕೆಯ ಕೇಂದ್ರದಲ್ಲಿರಿಸಲು ಬಯಸಿತು. 1964–66ರ ಕೊಠಾರಿ ಆಯೋಗವು ಕಾರ್ಯಾನುಭವವು ಎಲ್ಲರ ಶಿಕ್ಷಣದ ಅಂಗವಾಗಬೇಕೆಂದಿತು. ಆಚರಣೆಗೆ ಬರುವಾಗ ಎರಡೂ ಬದಿಗೆ ಸರಿದುವು. ನಮ್ಮ ರಾಜ್ಯದ ಪದವಿಪೂರ್ವ ಹಂತದಲ್ಲಿದ್ದ ಜೆಓಸಿ ಎಂಬ ಉದ್ಯೋಗಾಧಾರಿತ ಶಿಕ್ಷಣಕ್ರಮವೂ ಕೆಲವು ದಶಕ ನಡೆದು ನಿಂತುಹೋಯಿತು. ಪ್ರತ್ಯೇಕ ಪಂಕ್ತಿಯಲ್ಲಿ ಬಡಿಸಿದ ವಿದ್ಯೆಯನ್ನು ಸಮಾಜವು ಎರಡನೆಯ ದರ್ಜೆಯದೆಂದೇ ಎಣಿಸುವುದು.

ಕಾಲೇಜಿನತ್ತ ಹೊರಟವರ ಪಾಡೇನು? ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ, ಚೆನ್ನಾಗಿಯೇ ಉತ್ತೀರ್ಣರಾಗಿ, ವಿಜ್ಞಾನ ವಿಭಾಗಕ್ಕೆ ಸೇರಿದವರು ಜೂನ್ ತಿಂಗಳಲ್ಲಿ ಬಹುತೇಕ ಎಲ್ಲ ಕಡೆ ಇಂಗ್ಲಿಷಿನಲ್ಲಿಯೇ ನಡೆಯುವ ಬೋಧನೆಯ ಎದುರು ಕುಳಿತುಕೊಳ್ಳುತ್ತಾರೆ. ತಿಳಿದ ವಿಷಯವೇ ತಿಳಿಯದಂತಾಗುವ ಆ ಸಂಕಟವನ್ನು ಬುದ್ಧಿಮಾಂದ್ಯವೆಂದು ಭ್ರಮಿಸಿ, ಎಷ್ಟೋ ಸಮರ್ಥರು ತಮ್ಮಲ್ಲಿಯೇ ನಂಬಿಕೆ ಕಳೆದುಕೊಳ್ಳುತ್ತಾರೆ. ವರ್ಷಾರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ದೃಢಪಡಿಸುವ ಸೇತುಬಂಧ ಕಾರ್ಯಕ್ರಮವು ನಮ್ಮ ಶಾಲೆಗಳಲ್ಲಿ ರೂಢಿಯಾಗಿರುವಾಗ, ಅತ್ಯಂತ ಅಗಲವಾದ ಈ ಕಂದಕದ ಮೇಲೆ ಸೇತುವೆಯಿಲ್ಲದಿರುವುದು ಶೋಚನೀಯ. ಎಂಟನೆಯ ತರಗತಿಯಿಂದಲೇ ಗಣಿತ ಮತ್ತು ವಿಜ್ಞಾನಗಳ ಪರಿಭಾಷೆಯನ್ನು ಎರಡು ಭಾಷೆಗಳಲ್ಲಿಯೂ ಪರಿಚಯಿಸುತ್ತ ಬಂದರೆ, ಕನ್ನಡದಲ್ಲಿ ಗಳಿಸಿದ ಅರಿವು ಇಂಗ್ಲಿಷಿನ ತರಗತಿಯಲ್ಲಿಯೂ ಕೈಹಿಡಿದೀತು.

ಇಲ್ಲಿ ಒಂದು ಆಕ್ಷೇಪವು ಗೌರವಕ್ಕೆ ಅರ್ಹವಾಗಿದೆ. ನಾವು ಲೇತಿನ ಮುಂದೆ ನಿಂತು ಸವೆದದ್ದು ಸಾಲದೆ, ಮಕ್ಕಳೂ ಅಲ್ಲಿಯೇ ನಿಲ್ಲಬೇಕೇ ಎಂದು ತಂದೆತಾಯಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಡವರ ಮಕ್ಕಳಿಗೆ ಕಸುಬು, ಉಳ್ಳವರ ಮಕ್ಕಳಿಗೆ ಕಾಲೇಜು ಎಂಬ ವಿಭಜನೆಯನ್ನು ಯಾವ ಪಠ್ಯಕ್ರಮವೂ ಸಮರ್ಥಿಸಕೂಡದು. ಆದರೆ ಕಸುಬಿನ ದಾರಿಯು ಕಾಲೇಜಿಗೆ ಬೆನ್ನುಮಾಡಿದ ದಾರಿಯೆಂಬುದು ನಿಜವಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ಅವಕಾಶವುಂಟು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೇ ಇದ್ದು, ಎಸ್‌ಎಸ್‌ಎಲ್‌ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗಿನ ಡಿಪ್ಲೊಮಾ ನೀಡುತ್ತಿದೆ. ಈ ಎಲ್ಲ ದಾರಿಗಳ ನಕ್ಷೆಯನ್ನು ಒಂಬತ್ತನೆಯ ತರಗತಿಯಲ್ಲಿಯೇ ಪ್ರತಿಯೊಂದು ಮಗುವಿನ ಮುಂದೆಯೂ ಇಡುವುದು ಪಠ್ಯಕ್ರಮದ ಕರ್ತವ್ಯವಾಗಬೇಕು.

ಸುಧಾರಣೆಗೆ ಇದು ಸುಸಮಯ. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ತೃತೀಯ ಭಾಷೆಯ ಸ್ಥಾನವೇ ಪ್ರಶ್ನೆಗೊಳಗಾದ ಮೇಲೆ, ಆ ಸ್ಥಾನವನ್ನು ಆಶ್ರಯಿಸಿದ ವೃತ್ತಿವಿಷಯದ ಗತಿಯೇನೆಂಬುದನ್ನೂ ಚಿಂತಿಸಬೇಕಾಗುವುದು. ತೆರವಾಗಬಹುದಾದ ಆ ಅವಧಿಗಳನ್ನು ಮತ್ತಷ್ಟು ಪರೀಕ್ಷಾಭ್ಯಾಸಕ್ಕೆ ವ್ಯಯಿಸದೆ, ಕಾಲೇಜಿಗೆ ಹೋಗುವವರು, ಕಸುಬಿಗೆ ಹೋಗುವವರು ಎಂಬ ಭೇದವಿಲ್ಲದೆ ಎಲ್ಲರಿಗೂ ಅಳೆಯುವ, ಜೋಡಿಸುವ, ದುರಸ್ತಿಮಾಡುವ ಕೆಲಸಗಳನ್ನು ಗಣಿತ ವಿಜ್ಞಾನಗಳೊಡನೆ ಬೆಸೆದು ಕಲಿಸುವುದಾದರೆ, ಇಂದಿನ ಪಠ್ಯಕ್ರಮದಲ್ಲಿ ಸುಪ್ತವಾಗಿರುವ ಸತ್ತ್ವವು ಪ್ರಯೋಜನಕ್ಕೆ ಬರುವುದು. ವೈದ್ಯನಾಗುವವನಿಗೂ ಕೈ ಬೇಕು, ಫಿಟ್ಟರಾಗುವವನಿಗೂ ತ್ರಿಕೋನಮಿತಿ ಬೇಕು. ಇಬ್ಬರಿಗೂ ಎರಡನ್ನೂ ಕೊಡುವವರೆಗೆ ನಮ್ಮ ಹತ್ತನೆಯ ತರಗತಿಯು ಪರೀಕ್ಷೆಗೆ ಸಿದ್ಧಗೊಳಿಸುವ ವ್ಯವಸ್ಥೆಯಾಗಿಯೇ ಉಳಿದೀತಲ್ಲದೆ, ಜೀವನಕ್ಕೆ ಸಿದ್ಧಗೊಳಿಸುವ ವಿದ್ಯೆಯಾಗದು.