ಹಳೆಯ ಆಟಕ್ಕೆ ಲ್ಯಾಪ್‌ಟಾಪೇ ಹೊಂದಿಕೊಳ್ಳಬೇಕು

ಆರ್.ಟಿ. ನಗರದಲ್ಲೋ ಯಲಹಂಕ ನ್ಯೂಟೌನಿನಲ್ಲೋ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಹೋಗಿ ‘ಸ್ಯಾನ್ ಆಂಡ್ರಿಯಾಸ್ ಹಾಕಿಕೊಡಿ’ ಎಂದು ಕೇಳಿದರೆ ಇವತ್ತಿಗೂ ಯಾರೂ ಆಶ್ಚರ್ಯಪಡುವುದಿಲ್ಲ. ಪೆನ್‌ಡ್ರೈವಿನಿಂದ ಫೋಲ್ಡರ್ ಕಾಪಿ ಆಗುತ್ತದೆ, ಆ್ಯಂಟಿವೈರಸ್ ಆಫ್ ಆಗುತ್ತದೆ, ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಟಿಕ್ ಬೀಳುತ್ತದೆ. ಆಟ ತೆರೆದುಕೊಂಡು ಕಾರು ಓಡಿದರೆ ಕೆಲಸ ಮುಗಿಯಿತು. ಹಾಸ್ಟೆಲ್ ಕೋಣೆಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ‘ಸ್ಮೂತಾಗಿ ಓಡ್ತಿದೆ’ ಎಂಬ ಒಂದು ಮಾತೇ ಎಲ್ಲ ಕಡೆಯೂ ಅಳತೆಗೋಲು. ನನ್ನ ತಕರಾರು ಇರುವುದು ಈ ಅಳತೆಗೋಲಿನ ಮೇಲೆಯೇ. ಆಟ ತನ್ನ ಕಾಲದ ಯಂತ್ರದಲ್ಲಿ ಹೇಗೆ ನಡೆದುಕೊಳ್ಳುತ್ತಿತ್ತೋ ಇಂದೂ ಹಾಗೆಯೇ ನಡೆದುಕೊಳ್ಳುತ್ತಿದೆಯೇ ಎಂದು ಕೇಳಬೇಕು. ಹಾಗೆ ಕೇಳಿದರೆ, ಆಟವನ್ನು ಕತ್ತರಿಸಿ ಲ್ಯಾಪ್‌ಟಾಪಿಗೆ ಹೊಂದಿಸುವುದಕ್ಕಿಂತ ಲ್ಯಾಪ್‌ಟಾಪನ್ನೇ ಆಟಕ್ಕೆ ಹೊಂದಿಸುವ ದಾರಿ ಮೇಲು ಎಂಬುದು ಸ್ಪಷ್ಟವಾಗುತ್ತದೆ.

2005ರಲ್ಲಿ ಪಿಸಿಗೆ ಬಂದ ಜಿ.ಟಿ.ಎ. ಸರಣಿಯ ಸ್ಯಾನ್ ಆಂಡ್ರಿಯಾಸ್‌ನಲ್ಲಿ ‘ಫ್ರೇಮ್ ಲಿಮಿಟರ್’ ಎಂಬ ಆಯ್ಕೆಯಿದೆ. ಇಂದಿನ 144 ಹರ್ಟ್ಸ್ ಪರದೆಯ ಲ್ಯಾಪ್‌ಟಾಪ್ ಕೊಂಡವರು ಮೊದಲು ಮಾಡುವ ಕೆಲಸ ಅದನ್ನು ಆಫ್ ಮಾಡುವುದು. ಚಿತ್ರ ನುಣುಪಾಗುತ್ತದೆ, ನಿಜ. ಆದರೆ ನೀರಿಗೆ ಇಳಿದ ಕಥಾನಾಯಕ ಸಿ.ಜೆ. ಕೈಕಾಲು ಬಡಿದರೂ ಮುಂದೆ ಹೋಗುವುದೇ ಇಲ್ಲ. ಆ ಆಟದ ಚಲನೆಯ ಲೆಕ್ಕಗಳಲ್ಲಿ ಕೆಲವು ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತವೆ ಎಂಬುದರ ಮೇಲೆಯೇ ನಿಂತಿವೆ. ಫ್ರೇಮ್ ಹೆಚ್ಚಾದಂತೆ ಈಜು ನಿಧಾನವಾಗುತ್ತದೆ. ನುಣುಪು ಬಂದಲ್ಲಿ ಆಟ ಕೆಟ್ಟಿತು. ಯಂತ್ರವೇ ಆಟಕ್ಕೆ ಹೊಂದಿಕೊಳ್ಳಬೇಕೆಂಬುದು ಡಾಸ್ ಕಾಲದ ಆಟಗಳಲ್ಲಿ ಇನ್ನೂ ನಿಚ್ಚಳ. 16 ಬಿಟ್ಟಿನ ಆ ಪ್ರೋಗ್ರಾಂಗಳು 64 ಬಿಟ್ಟಿನ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಆಟದ ಒಂದಕ್ಷರವನ್ನೂ ಮುಟ್ಟದೆ, ಅದರ ಸುತ್ತ ಹಳೆಯ ಕಂಪ್ಯೂಟರೊಂದನ್ನು ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡುತ್ತದೆ. ಅದರಲ್ಲಿ ಪ್ರೊಸೆಸರ್ ವೇಗವನ್ನು ‘ಸೈಕಲ್ಸ್’ ಲೆಕ್ಕದಲ್ಲಿ ಇಳಿಸಬಹುದು, ಏರಿಸಬಹುದು. ಇಳಿಸಲು ಕಂಟ್ರೋಲ್ ಮತ್ತು ಎಫ್11, ಏರಿಸಲು ಕಂಟ್ರೋಲ್ ಮತ್ತು ಎಫ್12. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಗಳನ್ನು ಬೆಳಕು, ಧ್ವನಿ ಮುಂತಾದ ಕೆಲಸಗಳಿಗೆ ಬಿಟ್ಟಿರುವುದರಿಂದ ಜತೆಗೆ ಎಫ್‌ಎನ್ ಕೀಯನ್ನೂ ಒತ್ತಬೇಕು. ಇಷ್ಟು ಗೊತ್ತಿಲ್ಲದೆ ‘ಡಾಸ್‌ಬಾಕ್ಸ್ ಕೆಲಸ ಮಾಡಲ್ಲ’ ಎಂದು ಕೈಬಿಡುವವರಿದ್ದಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳು ಇದೇ ಡಾಸ್‌ಬಾಕ್ಸ್‌ನಲ್ಲಿ ಟರ್ಬೊ ಸಿ++ನ ನೀಲಿ ಪರದೆ ತೆರೆದು ಲ್ಯಾಬ್ ಮುಗಿಸಿದವರು. ಉಪಕರಣ ಕೈಯಲ್ಲೇ ಇದೆ, ಅದನ್ನು ಆಟಕ್ಕೂ ಬಳಸಬಹುದೆಂಬ ಯೋಚನೆ ಬಂದಿಲ್ಲ, ಅಷ್ಟೇ.

ವಿಂಡೋಸ್ ಕಾಲದ ಆಟಗಳಿಗೂ ಇದೇ ತತ್ವ ಒದಗುತ್ತದೆ. ಡಿಜಿವೂಡೂ ಎಂಬ ಪುಟ್ಟ ಸಾಫ್ಟ್‌ವೇರ್ ಹಳೆಯ ಗ್ರಾಫಿಕ್ಸ್ ಆದೇಶಗಳನ್ನು ಹೊಸ ಡೈರೆಕ್ಟ್‌ಎಕ್ಸ್‌ಗೆ ಅರ್ಥವಾಗುವಂತೆ ದಾಟಿಸುತ್ತದೆ. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರುಗಳಿಂದೀಚೆಗೆ ಒಳಗಿನ ಗ್ರಾಫಿಕ್ಸ್ ಡೈರೆಕ್ಟ್‌ಎಕ್ಸ್ 9 ಅನ್ನು ನೇರವಾಗಿ ನಡೆಸುವುದನ್ನು ಬಿಟ್ಟು ಮೈಕ್ರೋಸಾಫ್ಟ್‌ನ ಅಂಥದ್ದೇ ಪದರವೊಂದಕ್ಕೆ ಕೆಲಸ ವಹಿಸಿತು. ಹವ್ಯಾಸಿಗಳು ಕಂಡುಕೊಂಡ ದಾರಿಯನ್ನೇ ದೊಡ್ಡ ಕಂಪನಿಗಳೂ ಹಿಡಿದವು ಎಂದಾಯಿತು.

ಹಾಗಾದರೆ ಆಟವನ್ನು ಯಾವತ್ತೂ ಮುಟ್ಟಬಾರದೇ? ಇಲ್ಲಿ ನನ್ನ ವಾದಕ್ಕೆ ಎದುರು ನಿಲ್ಲುವ ಒಳ್ಳೆಯ ಉದಾಹರಣೆಯೊಂದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಸ್ಯಾನ್ ಆಂಡ್ರಿಯಾಸ್‌ನಲ್ಲಿ ನೀರಿನ ಮೇಲಿಳಿಯುವ ‘ಸ್ಕಿಮ್ಮರ್’ ವಿಮಾನ ಮಾಯವಾಯಿತು. ಎಲ್ಲರೂ ವಿಂಡೋಸನ್ನು ದೂರಬಹುದಿತ್ತು. ಆದರೆ ‘ಸೈಲೆಂಟ್‌ಪ್ಯಾಚ್’ ಎಂಬ ತಿದ್ದುಪಡಿ ತಯಾರಿಸುವ ಪ್ರೋಗ್ರಾಮರ್ 2025ರಲ್ಲಿ ಬೆನ್ನುಹತ್ತಿ ನೋಡಿದಾಗ ತಪ್ಪು ಸಿಕ್ಕಿದ್ದು ಆಟದ ಒಳಗೆ. ಸರಣಿಯ ಹಿಂದಿನ ಆಟ ವೈಸ್ ಸಿಟಿಯಲ್ಲಿ ಸ್ಕಿಮ್ಮರನ್ನು ದೋಣಿಯೆಂದು ನಮೂದಿಸಿದ್ದರು. ದೋಣಿಗೆ ಗಾಲಿಯ ಅಳತೆ ಬೇಕಿಲ್ಲ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದು ವಿಮಾನವಾಯಿತು, ಆದರೆ ವಾಹನಗಳ ಪಟ್ಟಿಯ ಫೈಲಿನಲ್ಲಿ ಗಾಲಿಯ ಅಂಕಿಗಳನ್ನು ಸೇರಿಸುವುದು ಮರೆತುಹೋಯಿತು. ಅಂಕಿ ಇಲ್ಲದ ಕಡೆ ಆಟ, ಮೆಮೊರಿಯಲ್ಲಿ ಹಿಂದಿನ ವಾಹನದಿಂದ ಉಳಿದುಹೋದ ಅಂಕಿಯನ್ನೇ ಬಳಸಿಕೊಳ್ಳುತ್ತಿತ್ತು. ಹೊಸ ವಿಂಡೋಸ್ ಮೆಮೊರಿಯ ಆ ಜಾಗವನ್ನು ತನ್ನ ಕೆಲಸಕ್ಕೆ ಬಳಸತೊಡಗಿದಾಗ ಇಪ್ಪತ್ತು ವರ್ಷದ ಅದೃಷ್ಟ ಮುಗಿಯಿತು. ಇಂಥಲ್ಲಿ ಆಟವನ್ನು ತಿದ್ದಲೇಬೇಕು. ಆದರೆ ತಿದ್ದಿದ ಬಗೆ ಗಮನಿಸಿ: ಕಾರಣ ಹುಡುಕಿ, ಬಿಟ್ಟುಹೋದದ್ದನ್ನು ತುಂಬಿ, ಆಟಗಾರ 2005ರಲ್ಲಿ ಕಂಡದ್ದನ್ನೇ ಅವನಿಗೆ ಮರಳಿಸಲಾಯಿತು. ಆಟಕ್ಕೆ ನಿಷ್ಠವಾದ ತಿದ್ದುಪಡಿ ಎಂದರೆ ಇದು.

ಕಂಪನಿಯೇ ಹೊಸ ಆವೃತ್ತಿ ಮಾರುತ್ತಿರುವಾಗ ಈ ಪಾಡೆಲ್ಲ ಯಾಕೆ ಎಂದು ಕೇಳುವವರಿಗೆ 2021ರ ನವೆಂಬರ್ 11ರಂದು ಬಂದ ಜಿ.ಟಿ.ಎ. ಟ್ರಿಲಜಿಯ ‘ಡೆಫಿನಿಟಿವ್ ಎಡಿಷನ್’ ಉತ್ತರ. ಮಳೆ ಬಿಳಿಗೆರೆಗಳಾಗಿ ಸುರಿದು ದಾರಿಯೇ ಕಾಣದಾಯಿತು, ಅಂಗಡಿ ಬೋರ್ಡುಗಳ ಅಕ್ಷರಗಳು ತಪ್ಪಾದವು. ದೂರದ ಮಂಜು ಹೋದದ್ದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ. ಹಳೆಯ ಯಂತ್ರದ ಮಿತಿಯಿಂದ ಹುಟ್ಟಿದ ಆ ಮಂಜೇ ಸಣ್ಣ ನಕ್ಷೆಯೊಂದನ್ನು ಇಡೀ ರಾಜ್ಯವೆಂದು ನಂಬಿಸುತ್ತಿತ್ತು. ಅದನ್ನು ತೆಗೆದಾಗ ಬೆಟ್ಟದ ಮೇಲೆ ನಿಂತರೆ ಊರಿಂದೂರಿಗೆ ಎಷ್ಟು ಹತ್ತಿರವೆಂದು ಕಂಡುಬಿಟ್ಟಿತು. ಈ ಆವೃತ್ತಿ ಬರುವ ಮೊದಲೇ ಕಂಪನಿ ಮೂಲ ಆಟಗಳ ಮಾರಾಟವನ್ನು ನಿಲ್ಲಿಸಿತ್ತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಅವನ್ನು ಮತ್ತೆ ಮಾರುವುದಾಗಿ ಹೇಳಬೇಕಾಯಿತು.

ಇನ್ನು ಪೈರಸಿಯ ಆಕ್ಷೇಪ. ಇದು ಗಂಭೀರವಾದದ್ದು, ಏಕೆಂದರೆ ಅಂಗಡಿಯ ಪೆನ್‌ಡ್ರೈವಿನಲ್ಲಿರುವ ಬಹುಪಾಲು ಕಳ್ಳ ಪ್ರತಿಯೇ. ಅದನ್ನು ಸಮರ್ಥಿಸಲಾಗದು, ಆ್ಯಂಟಿವೈರಸ್ ಆಫ್ ಮಾಡಿ ಹಾಕಿಸಿಕೊಂಡ ಫೈಲಿನೊಳಗೆ ಏನಿದೆಯೆಂದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ. ಆದರೆ ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಪಾಡೇನು? ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗವಿದ್ದ ಆಟಗಳಿಗೆ ಬೇಕಾದ ಡ್ರೈವರನ್ನು ಭದ್ರತೆಯ ಕಾರಣಕ್ಕೆ 2015ರಲ್ಲಿ ವಿಂಡೋಸ್ 10 ಕೈಬಿಟ್ಟಿತು. ಅಸಲಿ ಡಿಸ್ಕೇ ಓಡದಾಯಿತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾನೂನುಬದ್ಧವಾಗಿ ಪ್ರೋಗ್ರಾಂ ಪಡೆದವರು ಅದನ್ನು ಕೊಂಡ ಉದ್ದೇಶಕ್ಕೆ ಬಳಸಲು ಪ್ರತಿ ಮಾಡಿಕೊಳ್ಳುವುದನ್ನೂ ಹೊಂದಿಸಿಕೊಳ್ಳುವುದನ್ನೂ ಒಪ್ಪುತ್ತದೆ. 2012ರಲ್ಲಿ ಸೇರಿದ 65ಎ ಕಲಂ ಬೀಗ ಮುರಿಯುವುದನ್ನು ಅಪರಾಧವೆನ್ನುವಾಗಲೂ ಹಕ್ಕು ಉಲ್ಲಂಘಿಸುವ ಉದ್ದೇಶವಿರಬೇಕು ಎನ್ನುತ್ತದೆ. ಕೊಂಡ ಆಟವನ್ನು ಆಡುವಂತೆ ಮಾಡಿಕೊಳ್ಳುವುದು ಬೇರೆ, ಕದ್ದು ಹಂಚುವುದು ಬೇರೆ. ಮಾರಾಟಕ್ಕಿರುವ ಆಟವನ್ನು ಕೊಳ್ಳಿ. 2008ರಿಂದ ನಡೆಯುತ್ತಿರುವ ಜಿ.ಒ.ಜಿ. ಮಳಿಗೆ ಡಾಸ್‌ಬಾಕ್ಸ್ ಸಮೇತ ಬೀಗವಿಲ್ಲದ ಹಳೆಯ ಆಟಗಳನ್ನು ಮಾರುತ್ತದೆ. ಆದರೆ ಎಲ್ಲವೂ ಮಾರಾಟಕ್ಕಿಲ್ಲ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು.

ಇದೆಲ್ಲ ಬರೀ ಹಳೆಯ ನೆನಪಿನ ಗೀಳು ಎನ್ನುವ ಮಾತನ್ನು ಬೆಂಗಳೂರಿನಲ್ಲಿ ಆಡುವುದು ಸರಿಯಲ್ಲ. ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಈ ಊರಿನಲ್ಲಿ. 2019ರಲ್ಲಿ ಅದನ್ನು ಕೊಂಡದ್ದು ಸ್ಯಾನ್ ಆಂಡ್ರಿಯಾಸ್ ತಯಾರಿಸಿದ ರಾಕ್‌ಸ್ಟಾರ್ ಸಂಸ್ಥೆಯೇ. ಅನಿಮೇಷನ್ ಮತ್ತು ಗೇಮಿಂಗ್‌ಗೆ ರಾಜ್ಯ ಸರ್ಕಾರದ ಪ್ರತ್ಯೇಕ ನೀತಿಯಿದೆ, ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರವಿದೆ. ಹೊಸ ಆಟ ಕಟ್ಟಲು ಕಲಿಸುವ ಇಂಥ ಜಾಗಗಳಲ್ಲಿ ಹಳೆಯ ಆಟಗಳನ್ನು ಅವುಗಳ ಮೂಲ ನಡೆಯಲ್ಲೇ ಓಡಿಸಿ ತೋರಿಸುವ ಒಂದು ಕೋಣೆ ಬೇಕು. ಯಲಹಂಕದ ಕಾಲೇಜುಗಳ ಲ್ಯಾಬುಗಳೂ ಈ ಕೆಲಸಕ್ಕೆ ಸಾಕು. ಮನೆಯಲ್ಲಿ ಹಳೆಯ ಆಟದ ಅಸಲಿ ಸಿ.ಡಿ. ಇರುವವರು ಅದನ್ನು ಗುಜರಿಗೆ ಹಾಕಬೇಡಿ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ. ಯುಎಸ್‌ಬಿ ಡ್ರೈವೊಂದನ್ನು ಎರವಲು ತಂದು, ಡಿಸ್ಕ್ ಓದುವ ಸ್ಥಿತಿಯಲ್ಲಿರುವಾಗಲೇ ಪ್ರತಿ ತೆಗೆದಿಟ್ಟುಕೊಳ್ಳಿ.