ಹಳೆ ಜೀಪು, ಹಳದಿ ದೀಪ

ಕಳೆದ ಆಷಾಢದ ಒಂದು ರಾತ್ರಿ ನಮ್ಮ ಅಕ್ಕನಿಗೆ ಎದೆನೋವು ಬಂತು. ಫೋನಿನಲ್ಲಿ ವಿವರ ಕೇಳಿದ ಪೇಟೆಯ ಡಾಕ್ಟರು, ಇಲ್ಲಿಗೆ ತಂದು ಹೊತ್ತು ಕಳೆಯಬೇಡಿ, ನೇರ ಮಂಗಳೂರಿಗೆ ಹೊರಡಿ ಎಂದರು. ಅಕ್ಕನ ಮಗನ ಹೊಸ ಗಾಡಿ ಅಂಗಳದಲ್ಲೇ ನಿಂತಿತ್ತು. ನಾಲ್ಕು ಚಕ್ರಕ್ಕೂ ಎಳೆತವಿರುವ, ಎದುರಿಗೆ ಸಣ್ಣ ಟಿ.ವಿ.ಯಂಥ ಪರದೆಯಿರುವ, ಯಾವ ಚಕ್ರದಲ್ಲಿ ಎಷ್ಟು ಗಾಳಿ ಇದೆಯೆಂದು ಕೂತಲ್ಲಿಗೇ ತಿಳಿಸುವ ಗಾಡಿ ಅದು. ಗೇಟು ದಾಟಿ ಮೊದಲ ಏರಿಗೆ ಬರುವಷ್ಟರಲ್ಲಿ ಸ್ಟಿಯರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿಕೊಂಡಿತು. ಎಂಜಿನ್ನು ನಿಲ್ಲಲಿಲ್ಲ. ಆದರೆ ಎಷ್ಟು ಒತ್ತಿದರೂ ಎತ್ತಿನ ಗಾಡಿಗಿಂತ ಜೋರಾಗಿ ಹೋಗಲಿಲ್ಲ. ಹತ್ತು ನಿಮಿಷ ಒದ್ದಾಡಿದ ಹುಡುಗ ಪಕ್ಕದ ತೋಟದಲ್ಲಿರುವ ನನಗೆ ಫೋನು ಮಾಡಿದ: "ಮಾವ, ಜೀಪು ತನ್ನಿ."

ಅಷ್ಟು ಹೇಳುವುದಕ್ಕೆ ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ನಮ್ಮ ಜೀಪಿನಲ್ಲಿ ಇನ್ನು ಜನ್ಮದಲ್ಲಿ ಕೂರುವುದಿಲ್ಲ ಎಂದು ಹೇಳಿದ್ದವನು ಅವನು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಹಿಂದಿನ ಸೀಟಿಗೆ ಹಾಸಿಗೆ ಹಾಸಿ ಅಕ್ಕನನ್ನು ಕೂರಿಸಿಕೊಂಡು, ಟಾರ್ಪಾಲಿನ ಸಂದಿಯಿಂದ ನುಗ್ಗುವ ಮಳೆಗೆ ಕೊಡೆ ಅಡ್ಡ ಹಿಡಿದುಕೊಂಡು ಚಾರ್ಮಾಡಿ ಘಾಟಿ ಇಳಿದೆವು. ದೇವರ ದಯೆ, ನೋವು ಹೃದಯದ್ದಾಗಿರಲಿಲ್ಲ. ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಊರಿನಲ್ಲಿ ಮಾತ್ರ ನಾನೂ ನನ್ನ ಜೀಪೂ ದೊಡ್ಡ ಯುದ್ಧ ಗೆದ್ದವರ ಹಾಗಾದೆವು. ಹೊಸದೆಲ್ಲ ಷೋಕಿಗೆ, ಕಷ್ಟಕ್ಕಾಗುವುದು ಹಳೆಯದೇ ಎಂದು ಅಂಗಡಿ ಕಟ್ಟೆಯಲ್ಲಿ ತೀರ್ಪಾಯಿತು. ಒಂದು ವಾರ ನಾನೂ ಹಿಗ್ಗಿಕೊಂಡು ತಿರುಗಾಡಿದೆ. ಆಮೇಲೆ ನಿಧಾನವಾಗಿ ಕೂತು ಯೋಚಿಸಿದಾಗ ಆ ತೀರ್ಪು ಸರಿಯಿಲ್ಲ ಅನ್ನಿಸತೊಡಗಿತು. ಗಾಡಿಗಳ ಬಗ್ಗೆ ಬರೆಯುವವರ ತೀರ್ಪೂ ನನಗೆ ಒಪ್ಪಿಗೆಯಿಲ್ಲ. ಅವರು ಹೊಸ ಗಾಡಿಯನ್ನು ಒಳ್ಳೆಯ ಬಿಸಿಲಿನಲ್ಲಿ ಎರಡು ದಿನ ಓಡಿಸಿ ಕಂಪನಿಗೆ ವಾಪಸು ಕೊಟ್ಟು ನಂಬರು ಹಾಕುತ್ತಾರೆ. ಗುಡ್ಡಗಾಡಿನ ಗಾಡಿಯನ್ನು ಪರೀಕ್ಷಿಸಬೇಕಾದ್ದು ಅದು ಕೆಟ್ಟ ದಿನ, ಅದೂ ಮಳೆಗಾಲದಲ್ಲಿ.

ಜೀಪು ಹುಟ್ಟಿದ್ದೇ ಅಂಥ ಪರೀಕ್ಷೆಗಾಗಿ. ೧೯೪೦ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಗಳು ಎಳೆಯುವ ಗಾಡಿಯೊಂದನ್ನು ಬಯಸಿ ಕಂಪನಿಗಳನ್ನು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು ೪೯ ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದನ್ನು ಮಾಡಿಕೊಟ್ಟಿತು; ದೊಡ್ಡ ಸಂಖ್ಯೆಯಲ್ಲಿ ಮಾಡಿದ್ದು ವಿಲ್ಲೀಸ್ ಮತ್ತು ಫೋರ್ಡ್. ಯುದ್ಧ ಮುಗಿಯುವುದರೊಳಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದರು. ಯುದ್ಧ ಮುಗಿದ ವರ್ಷವೇ ವಿಲ್ಲೀಸ್ ಕಂಪನಿ ಅದನ್ನು ರೈತರಿಗೆ ಮಾರಲು ಹೊರಟಿತು. ಎಂಜಿನ್ನಿನ ಶಕ್ತಿಯನ್ನು ಹೊರಗೆ ತೆಗೆದು ಬೇರೆ ಯಂತ್ರಗಳನ್ನು ಓಡಿಸುವ ಏರ್ಪಾಡೂ ಅದಕ್ಕಿತ್ತು. ೧೯೪೭ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದರು. ಮಲೆನಾಡಿನ ತೋಟಗಳಿಗೆ ಜೀಪು ಬಂದದ್ದು ಆ ವಂಶದಿಂದ. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸು, ಎಲ್ಲವನ್ನೂ ಅದು ಹೊತ್ತಿದೆ. ಇವತ್ತಿಗೂ ಕುದುರೆಮುಖ ಹತ್ತಲು ಬಂದವರನ್ನು ಮುಳ್ಳೋಡಿಗೆ ಮುಟ್ಟಿಸುವುದು, ಮಡಿಕೇರಿಯ ಪ್ರವಾಸಿಗಳನ್ನು ಮಾಂದಲಪಟ್ಟಿಗೆ ಹತ್ತಿಸುವುದು ಜೀಪುಗಳೇ.

ನನ್ನದು ಎಂಎಂ ೫೪೦. ಪೂಜೋ ಕಂಪನಿಯ ವಿನ್ಯಾಸದ ೨.೧ ಲೀಟರಿನ ಡೀಸೆಲ್ ಎಂಜಿನ್ನು, ಮುಂದೆ ಹಿಂದೆ ಪ್ಲೇಟು ಸ್ಪ್ರಿಂಗು, ಗೇರಿನ ಪಕ್ಕದಲ್ಲಿ ಫೋರ್ ವೀಲಿಗೂ ಲೋ ಗೇರಿಗೂ ಲಿವರು. ಡೀಸೆಲ್ಲನ್ನು ಅಳೆದು ಕೊಡುವುದು ಹಲ್ಲುಚಕ್ರದ ಪಂಪು, ಕಂಪ್ಯೂಟರಲ್ಲ. ಬ್ಯಾಟರಿ ಸತ್ತರೆ ಇಳುಕಲಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡಿಕೊಳ್ಳಬಹುದು. ಆದ್ದರಿಂದಲೇ ನಮ್ಮ ಕಡೆ ಜೀಪಿಟ್ಟವರು ಅದನ್ನು ಏರಿನ ಮೇಲೆ ನಿಲ್ಲಿಸುವುದನ್ನು ಕಲಿತಿರುತ್ತಾರೆ. ಏನು ಕೆಟ್ಟರೂ ಶಬ್ದದಿಂದಲೋ ವಾಸನೆಯಿಂದಲೋ ತಾನೇ ಹೇಳಿಬಿಡುತ್ತದೆ. ನಮ್ಮ ಪೇಟೆಯ ಮೆಕ್ಯಾನಿಕ್ಕು ರಸ್ತೆಯ ತಿರುವಿನಲ್ಲಿ ಜೀಪಿನ ಶಬ್ದ ಕೇಳಿಯೇ, "ಕ್ಲಚ್ ಪ್ಲೇಟ್ ತಂದಿಡ್ಲಾ ಸಾರ್?" ಎಂದು ಕೇಳುತ್ತಾನೆ.

ಇಷ್ಟು ಹೊಗಳಿದ ಮೇಲೆ ಹುಡುಗನ ಭುಜದ ಕತೆ ಹೇಳಬೇಕು. ಆರು ವರ್ಷದ ಹಿಂದೆ ಇದೇ ಜೀಪಿನಲ್ಲಿ ನಾವಿಬ್ಬರೂ ಹಳ್ಳ ದಾಟಿ ಬರುತ್ತಿದ್ದೆವು. ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕು. ಒಳಗೆ ನೀರು ಹೊಕ್ಕರೆ, ಒಣಗುವ ತನಕ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಹಳ್ಳ ದಾಟಿದ ಮೇಲೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು ಎಂಬುದು ನನಗೆ ಗೊತ್ತಿತ್ತು. ಅವತ್ತು ಮಾತಿನ ಭರದಲ್ಲಿ ಮರೆತೆ. ಇಳುಕಲಿನ ತಿರುವಿನಲ್ಲಿ ಜೀಪು ನಿಲ್ಲದೆ ದರೆ ಹತ್ತಿ ವಾಲಿತು. ನನ್ನ ಕೈಯಲ್ಲಿ ಸ್ಟಿಯರಿಂಗು ಇತ್ತು, ಉಳಿದೆ. ಬೆಲ್ಟೂ ಬಾಗಿಲೂ ಇಲ್ಲದ ಪಕ್ಕದ ಸೀಟಿನಿಂದ ಅವನು ಹೊರಗೆ ಬಿದ್ದ. ಜೀಪನ್ನು ಸಂಜೆಯೊಳಗೆ ನಾಲ್ಕು ಜನ ಸೇರಿ ಎತ್ತಿ, ಮಡ್‌ಗಾರ್ಡು ಬಡಿದು ನೆಟ್ಟಗೆ ಮಾಡಿ ಓಡಿಸಿಕೊಂಡು ಬಂದೆವು. ಅವನ ಬಲಗೈ ಇವತ್ತಿಗೂ ತಲೆಯ ಮೇಲಕ್ಕೆ ಪೂರ್ತಿ ಏಳುವುದಿಲ್ಲ. ಹೊಸ ಗಾಡಿ ತಂದ ದಿನ, ಇಷ್ಟು ದುಡ್ಡು ಯಾಕೆ ಸುರಿದೆ ಎಂದು ನಾನು ಕೇಳಿದ್ದಕ್ಕೆ ಅವನು, "ಮಾವ, ನಿಮ್ಮ ಜೀಪು ರಿಪೇರಿ ಆಯ್ತು, ನನ್ನ ಭುಜ ಆಗ್ಲಿಲ್ಲ" ಎಂದಿದ್ದ.

ಹಳೆ ಜೀಪನ್ನು ಹೊಗಳಿ ಬರೆದದ್ದನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಸರಳ ಯಂತ್ರ ಚಾಲಕನ ತಪ್ಪನ್ನು ಕ್ಷಮಿಸುವುದಿಲ್ಲ. ಮೇಲಾಗಿ ಶಿಕ್ಷೆಯನ್ನು ಪಕ್ಕದಲ್ಲಿ ಕೂತವರಿಗೂ ಹಂಚುತ್ತದೆ. ಇನ್ನೊಂದು ವಿಷಯ: ಒಂದು ಮುಂದಿನ ಚಕ್ರವೂ ಎದುರು ಬದಿಯ ಹಿಂದಿನ ಚಕ್ರವೂ ಹೊಂಡದ ಮೇಲೆ ನೇತಾಡಿದರೆ, ಫೋರ್ ವೀಲು ಹಾಕಿದ್ದರೂ ನನ್ನ ಜೀಪು ಕದಲುವುದಿಲ್ಲ. ಡಿಫರೆನ್ಷಿಯಲ್ಲು ಶಕ್ತಿಯನ್ನೆಲ್ಲ ಗಾಳಿಯಲ್ಲಿ ತಿರುಗುವ ಚಕ್ರಗಳಿಗೇ ಬಿಟ್ಟುಕೊಡುತ್ತದೆ. ಹೊಸ ಗಾಡಿಯ ಕಂಪ್ಯೂಟರು ಆ ಚಕ್ರಕ್ಕಷ್ಟೇ ಬ್ರೇಕು ಹಾಕಿ, ನೆಲ ಹಿಡಿದ ಚಕ್ರಕ್ಕೆ ಶಕ್ತಿ ಕಳಿಸುತ್ತದೆ. ನಾನು ಕಲ್ಲು ತುಂಬಿ, ಹಲಗೆ ಇಟ್ಟು, ಆಳು ಕರೆದು ಅರ್ಧ ಗಂಟೆಯಲ್ಲಿ ಮಾಡುವ ಕೆಲಸವನ್ನು ಅದು ಕ್ಷಣದಲ್ಲಿ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಕಂಡು ಹೊಟ್ಟೆ ಉರಿದಿದೆ.

ತಯಾರಕರಿಗೂ ಇದು ಗೊತ್ತಿಲ್ಲದ ಸಂಗತಿಯಲ್ಲ. ೨೦೨೦ರ ಥಾರ್ ಪರದೆ ಹಾಕಿಕೊಂಡು ಬಂದರೂ ಲೋ ಗೇರಿನ ಲಿವರು ಬಿಡಲಿಲ್ಲ, ನೀರು ಹಾಕಿ ತೊಳೆಯಬಹುದಾದ ನೆಲವನ್ನೂ ಇಟ್ಟುಕೊಂಡಿತು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರವನ್ನೂ ಪಡೆಯಿತು. ೨೦೨೩ರಲ್ಲಿ ನಮ್ಮಲ್ಲಿಗೆ ಬಂದ ಜಿಮ್ನಿಯಲ್ಲೂ ಲಿವರಿದೆ, ಜೊತೆಗೆ ಆರು ಏರ್‌ಬ್ಯಾಗಿವೆ. ಇವೆರಡೂ ಹಳೆಯದರ ಬುದ್ಧಿಯನ್ನು ಬಿಡದೆ ಹೊಸದನ್ನು ಸೇರಿಸಿಕೊಂಡ ಗಾಡಿಗಳು. ೨೦೨೪ರ ಥಾರ್ ರಾಕ್ಸ್‌ನ ದುಬಾರಿ ಮಾದರಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಸ್ತೆಯ ಬಿಳಿ ಗೆರೆಗಳನ್ನು ನೋಡಿಕೊಂಡು ಚಾಲಕನಿಗೆ ನೆರವಾಗುವ ಕ್ಯಾಮೆರಾ ಇಟ್ಟಿದ್ದಾರೆ. ಹೆದ್ದಾರಿಯಲ್ಲಿ ಅದು ಜೀವ ಉಳಿಸೀತು, ಬೇಡ ಎನ್ನಲಾರೆ. ನಮ್ಮ ತೋಟದ ದಾರಿಗೆ ಗೆರೆ ಹಾಗಿರಲಿ, ಟಾರೇ ಇಲ್ಲ. ಅಲ್ಲಿ ಆ ಕ್ಯಾಮೆರಾ, ಪರವೂರಿನಿಂದ ಬಂದ ನೆಂಟನ ಹಾಗೆ ಸುಮ್ಮನೆ ಕೂತಿರಬೇಕಾಗುತ್ತದೆ.

ಹಾಗಾದರೆ ಆ ರಾತ್ರಿ ಹೊಸ ಗಾಡಿಗೆ ಆದದ್ದೇನು? ಮರುದಿನ ನಮ್ಮ ಮೆಕ್ಯಾನಿಕ್ಕನ್ನು ಕರೆಸಿದೆವು. ಅವನು ಬಾನೆಟ್ಟು ಎತ್ತಿದ, ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವನ್ನು ನೋಡಿದ, ಮತ್ತೆ ಬಾನೆಟ್ಟು ಇಳಿಸಿದ. ಅವನು ಬುದ್ಧಿವಂತ, ದುಡ್ಡು ಕೂಡಿಸಿ ಒಂದು ಸಣ್ಣ ಸ್ಕ್ಯಾನರು ತಂದಿಟ್ಟುಕೊಂಡಿದ್ದಾನೆ. ಅದನ್ನು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಓದಿ, "ಹೊಗೆ ಫಿಲ್ಟರು ಕಟ್ಟಿದೆ ಸಾರ್" ಎಂದ. ೨೦೨೦ರ ಏಪ್ರಿಲ್‌ನಿಂದ ಬಿ.ಎಸ್. ೬ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಕೂಡಿದ ಮಸಿಯನ್ನು ಆಗಾಗ ಸುಟ್ಟುಕೊಳ್ಳಲು ಅದಕ್ಕೆ ಸುಮಾರು ೬೦೦ ಡಿಗ್ರಿಯ ಕಾವು ಬೇಕು. ಆ ಕಾವು ಬರಬೇಕಾದರೆ ಗಾಡಿ ಒಂದೇ ಸಮ, ಒಳ್ಳೆಯ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಹುಡುಗನ ಗಾಡಿ ಮಳೆಗಾಲವಿಡೀ ಓಡಿದ್ದು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ, ಎರಡನೇ ಗೇರಿನಲ್ಲಿ. ಮಸಿ ಕೂಡುತ್ತಲೇ ಹೋಯಿತು. ಕೊನೆಗೆ ಎಂಜಿನ್ನು ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿಯನ್ನು ಕಡಿಮೆ ಮಾಡಿಕೊಂಡಿತು. ಗಾಡಿಯೊಳಗೆ ಅಕ್ಕ ಕೂತಿದ್ದದ್ದು ಅದಕ್ಕೆ ಹೇಗೆ ತಿಳಿಯಬೇಕು?

ಫಿಲ್ಟರಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಜೀಪು ಸ್ಟಾರ್ಟ್ ಆದಾಗ ಅಂಗಳದಲ್ಲಿ ಒಣಗಿದ ಬಟ್ಟೆಯನ್ನೆಲ್ಲ ಹೆಂಡತಿ ಮತ್ತೆ ಒಗೆಯಬೇಕಾಗುತ್ತದೆ. ಆ ಹೊಗೆಯನ್ನು ಸರಳತೆ ಎಂದು ಕರೆಯಲು ನನಗೆ ನಾಚಿಕೆ. ಸಿಟ್ಟು ಬಂದದ್ದು ಮುಂದಿನ ಮಾತಿಗೆ. ಗಾಡಿ ನಿಂತಲ್ಲೇ ಎಂಜಿನ್ನನ್ನು ಏರಿಸಿ ಮಸಿ ಸುಡಿಸುವ ಆಜ್ಞೆಯೊಂದಿದೆಯಂತೆ. ಅದನ್ನು ಕೊಡುವುದು ಕಂಪನಿಯ ಸರ್ವಿಸ್ ಸ್ಟೇಷನ್ನಿನ ಕಂಪ್ಯೂಟರಿಗೆ ಮಾತ್ರ ಸಾಧ್ಯ, ಮೆಕ್ಯಾನಿಕ್ಕಿನ ಸ್ಕ್ಯಾನರಿಗೆ ಆ ಅಧಿಕಾರವಿಲ್ಲ. ಸ್ಟೇಷನ್ನು ಇರುವುದು ತೊಂಬತ್ತು ಕಿಲೋಮೀಟರು ದೂರದಲ್ಲಿ. ರೋಗ ತಿಳಿದಿತ್ತು, ಔಷಧಿಯೂ ತಿಳಿದಿತ್ತು, ಕೊಡುವ ಕೈಯೂ ಎದುರಿಗೇ ಇತ್ತು. ಬೀಗದ ಕೈ ಮಾತ್ರ ಬೇರೆಯವರ ಹತ್ತಿರ ಇತ್ತು. ಗಾಡಿಯನ್ನು ಲಾರಿಗೆ ಏರಿಸಿ ಕಳಿಸಿ, ಐದನೇ ದಿನ ತಂದೆವು.

ಇದು ನಮ್ಮೊಬ್ಬರ ಗೋಳಲ್ಲ. ೨೦೧೪ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ೧೪ ಕಾರು ಕಂಪನಿಗಳಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಅದರ ಆಕ್ಷೇಪವಾಗಿತ್ತು. ಆ ಆದೇಶದ ಮೇಲೆ ಮೇಲ್ಮನವಿಗಳಾದವು. ೨೦೨೨ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕಂಪನಿಗಳು ರಿಪೇರಿಯ ಮಾಹಿತಿಯನ್ನು ಒಂದೆಡೆ ಕೊಡಲೆಂದು ಜಾಲತಾಣವನ್ನೂ ತೆರೆಯಿತು. ವಾಹನಗಳೂ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹಕ್ಕು ಎಂಬ ಮಾತು ದಿಲ್ಲಿಯಲ್ಲಿ ಹುಟ್ಟಿದೆ. ನಮ್ಮ ಮೆಕ್ಯಾನಿಕ್ಕಿನ ಕೊಟ್ಟಿಗೆಗೆ ಇನ್ನೂ ಬಂದಿಲ್ಲ.

ಆದ್ದರಿಂದ ನನ್ನ ತೀರ್ಪು ಅಂಗಡಿ ಕಟ್ಟೆಯದ್ದಲ್ಲ. ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು ಎಂಬುದು ಸುಳ್ಳು. ಬೆಲ್ಟು ಬೇಕು, ಒಳ್ಳೆಯ ಬ್ರೇಕು ಬೇಕು, ಜಾರುವ ಚಕ್ರವನ್ನು ಹಿಡಿಯುವ ಕಂಪ್ಯೂಟರೂ ಬೇಕು. ಕಂಪ್ಯೂಟರು ಇರುವುದು ತಪ್ಪಲ್ಲ, ಅದು ಕಂಪನಿಯೊಡನೆ ಮಾತ್ರ ಮಾತಾಡುವುದು ತಪ್ಪು. ನನ್ನ ಜೀಪಿನ ದೊಡ್ಡ ಗುಣವೆಂದು ನಾನು ತಿಳಿದಿದ್ದು ಅದರ ಸರಳತೆಯನ್ನು. ಸರಿಯಾಗಿ ನೋಡಿದರೆ ಅದರ ಗುಣ, ಏನನ್ನೂ ಮುಚ್ಚಿಡದಿರುವುದು. ಹತ್ತು ಕಂಪ್ಯೂಟರಿರುವ ಗಾಡಿಗೂ ಆ ಗುಣ ಬರಬಹುದು, ಮಾಡುವವರಿಗೆ ಮನಸ್ಸಿದ್ದರೆ. ಪೇಟೆಯಲ್ಲಿ ಅದು ಅನುಕೂಲದ ಪ್ರಶ್ನೆ ಇರಬಹುದು. ಮಳೆಗಾಲದ ರಾತ್ರಿ ಏರಿನಲ್ಲಿ ನಿಂತವರಿಗೆ ಹಾಗಲ್ಲ.

ಆ ಸಲ ಮಳೆ ಮುಗಿದ ಮೇಲೆ ಎರಡು ಕೆಲಸ ಮಾಡಿದೆವು. ಹುಡುಗ ಈಗ ತಿಂಗಳಿಗೆರಡು ಸಲ, ಕೆಲಸವಿರಲಿ ಬಿಡಲಿ, ಗಾಡಿಯನ್ನು ಘಾಟಿಯ ಕೆಳಗಿನ ನೆಟ್ಟನೆಯ ರಸ್ತೆಗೆ ಒಯ್ದು ಮಸಿ ಸುಡಿಸಿಕೊಂಡು ಬರುತ್ತಾನೆ. ದನ ಮೇಯಿಸಿಕೊಂಡು ಬಂದ ಹಾಗೆ ಎಂದು ನಾನು ನಗುತ್ತೇನೆ. ನಾನು ಜೀಪಿಗೆ ಎಲ್ಲ ಸೀಟಿಗೂ ಬೆಲ್ಟು ಹಾಕಿಸಿದೆ. ಬೋಲ್ಟು ಬಿಗಿಸುವಾಗ ಹುಡುಗ ಪಕ್ಕದಲ್ಲೇ ನಿಂತು, ಒಂದೊಂದನ್ನೂ ಎಡಗೈಯಲ್ಲಿ ಎಳೆದು ನೋಡಿದ.

ಅಕ್ಕನ ಅಭಿಪ್ರಾಯವನ್ನೂ ಕೇಳಿದ್ದೆ, ಎರಡೂ ಗಾಡಿಯಲ್ಲಿ ರೋಗಿಯಾಗಿ ಕೂತವಳು ಅವಳೊಬ್ಬಳೇ. "ಅವನದು ಮೆತ್ತಗಿತ್ತು, ಹೋಗ್ಲಿಲ್ಲ. ನಿಂದು ಹೋಯ್ತು, ಸೊಂಟ ಉಳೀಲಿಲ್ಲ. ಮೆತ್ತಗೂ ಇದ್ದು ಹೋಗೂ ಹೋಗೋದು ಯಾರಾದ್ರೂ ಮಾಡಿದ್ರೆ ಹೇಳಿ, ಕೂತ್ಕೋತೀನಿ" ಎಂದಳು.